ಮಗ್ಗಿ ಅಂದ್ರೆ ಮಕ್ಕಳಿಗೆ ಭಯವೇ? ಕಷ್ಟದ ಲೆಕ್ಕ ಇರೋದು ಬರೀ 15!

‘ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು...’ ಹೀಗೆ ಶುರು ಮಾಡಿದ ಮಗು ಎಪ್ಪತ್ತರವರೆಗೂ ನಿಲ್ಲದೆ ಹೇಳುತ್ತದೆ. ನಡುವೆ ತಡೆದು ‘ಏಳೆಂಟ್ಲ ಎಷ್ಟು?’ ಅಂತ ಕೇಳಿ ನೋಡಿ. ಮತ್ತೆ ಏಳೊಂದ್ಲ ಏಳರಿಂದಲೇ ಬರಬೇಕು! ಎಷ್ಟೋ ಮನೆಗಳಲ್ಲಿ ಇದೇ ಕತೆ. ಮಗುವಿಗೆ ರಾಗ ಬಂದಿದೆ, ಲೆಕ್ಕ ಇನ್ನೂ ಬಂದಿಲ್ಲ.

ಇದು ಸಣ್ಣ ವಿಷಯ ಅಲ್ಲ. ಮುಂದಿನ ಕ್ಲಾಸುಗಳ ಭಾಗಾಕಾರ, ಭಿನ್ನರಾಶಿ, ಲ.ಸಾ.ಅ. ಎಲ್ಲವೂ ಮಗ್ಗಿಯ ಮೇಲೇ ನಿಂತಿವೆ. ಇಲ್ಲಿ ತಡವರಿಸಿದ ಮಗು ಅಲ್ಲಿ ಹಿಂದೆ ಬೀಳುತ್ತದೆ. ‘ನಂಗೆ ಗಣಿತ ಬರಲ್ಲ’ ಅಂತ ತಾನೇ ತೀರ್ಮಾನ ಮಾಡಿಬಿಡುತ್ತದೆ. ಬೈದು, ಕಿವಿ ಹಿಂಡಿ ಕಲಿಸಿದರೆ ಭಯ ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ.

100 ಅಲ್ಲ, 15

ಒಂದರಿಂದ ಹತ್ತರವರೆಗಿನ ಮಗ್ಗಿಯಲ್ಲಿ ಒಟ್ಟು 100 ಲೆಕ್ಕ. ಆದರೆ ಮೂರೇಳ್ಲ ಅಂದರೂ 21, ಏಳ್ಮೂರ್ಲ ಅಂದರೂ 21. ಹೀಗೆ ತಿರುಗಿ ಬರುವುದನ್ನು ಬಿಟ್ಟರೆ ಉಳಿಯೋದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಸುಲಭವಾಗಿ ಬರುತ್ತವೆ. ಅವನ್ನೂ ತೆಗೆದರೆ 21. ಒಂಬತ್ತರ ಮಗ್ಗಿ ಬೆರಳಲ್ಲೇ ಇದೆ. ಅದನ್ನೂ ತೆಗೆದರೆ ಬರೀ 15! 3, 4, 6, 7, 8 ಇವುಗಳ ನಡುವಿನ ಲೆಕ್ಕ ಅಷ್ಟೇ. ಈ 15ನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಬಂದದ್ದಕ್ಕೆಲ್ಲ ಮಗುವೇ ಗೆರೆ ಎಳೆಯಲಿ.

ಬೆರಳಲ್ಲಿ ಒಂಬತ್ತು

ಎರಡೂ ಕೈ ಮುಂದೆ ಚಾಚಿ, ಎಡಗಡೆಯಿಂದ ಬೆರಳುಗಳಿಗೆ 1ರಿಂದ 10 ಅಂತ ನಂಬರ್ ಕೊಡಿ. ಒಂಬತ್ನಾಲ್ಕ್ಲ ಎಷ್ಟು ಅಂದರೆ ನಾಲ್ಕನೇ ಬೆರಳು ಮಡಚಿ. ಅದರ ಎಡಕ್ಕೆ 3 ಬೆರಳು, ಬಲಕ್ಕೆ 6. ಉತ್ತರ 36. ಹತ್ತರವರೆಗೂ ಇದು ತಪ್ಪಲ್ಲ.

ಎಂಟರ ಮಗ್ಗಿಗೆ ಮೂರು ಸಲ ದುಪ್ಪಟ್ಟು ಮಾಡಿದರೆ ಸಾಕು. ಏಳೆಂಟ್ಲ ಬೇಕಾದರೆ 7ರಿಂದ 14, 14ರಿಂದ 28, 28ರಿಂದ 56.

ಅಂಗಡಿಯಲ್ಲೇ ಪಾಠ

ಈಗ ಕ್ಯೂಆರ್ ಕೋಡ್ ಬಂದ ಮೇಲೆ ಮಕ್ಕಳಿಗೆ ಚಿಲ್ಲರೆ ಎಣಿಸೋ ಕೆಲಸವೇ ತಪ್ಪಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಂಗಡಿಯಲ್ಲೇ ಕೂರುತ್ತಾರಾದರೆ, ಮೊಬೈಲ್ ಕೊಡೋ ಬದಲು ಲೆಕ್ಕ ಕೊಡಿ. ಮೊಟ್ಟೆ ಟ್ರೇಯಲ್ಲಿ ಸಾಲಿಗೆ ಐದು, ಆರು ಸಾಲು, ಒಟ್ಟು ಎಷ್ಟು? ಎಂಟು ರೂಪಾಯಿಯ ಬಿಸ್ಕತ್ತು ಆರು ಪ್ಯಾಕೆಟ್ ಹೋದರೆ ಎಷ್ಟಾಯ್ತು? ಮಗು ಮೊದಲು ಬಾಯಲ್ಲಿ ಹೇಳಲಿ, ಆಮೇಲೆ ಕ್ಯಾಲ್ಕುಲೇಟರ್ ಒತ್ತಿ.

ಮನೆಯಲ್ಲೂ ಹಾಗೇ. ಗೋಡೆ ಕ್ಯಾಲೆಂಡರಿನಲ್ಲಿ 7ನೇ ತಾರೀಖಿನಿಂದ ಮುಂದಿನ ಅದೇ ವಾರಗಳನ್ನು ನೋಡಿದರೆ 14, 21, 28. ಅದೇ ಏಳರ ಮಗ್ಗಿ. ಗಡಿಯಾರದ ನಿಮಿಷದ ಮುಳ್ಳಿನಲ್ಲಿ ಐದರ ಮಗ್ಗಿ ಇದೆ.

ಚೀಟಿ ಆಟ

ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ 2ರಿಂದ 9ರವರೆಗೆ ಬರೆದು, ಪ್ರತಿ ನಂಬರಿಗೆ ನಾಲ್ಕರಂತೆ 32 ಚೀಟಿ ಮಾಡಿ. ಮಗುಚಿ ಇಟ್ಟು, ಎರಡೆರಡು ತೆರೆಯಿರಿ. ಗುಣಿಸಿ ಮೊದಲು ಹೇಳಿದವರಿಗೆ ಆ ಎರಡೂ ಚೀಟಿ. ನಡುನಡುವೆ ಅಪ್ಪ ಅಮ್ಮ ಬೇಕಂತಲೇ ತಪ್ಪು ಹೇಳಬೇಕು. ದೊಡ್ಡವರ ತಪ್ಪು ಹಿಡಿಯೋದರಲ್ಲಿ ಮಕ್ಕಳಿಗೆ ಸಿಗುವ ಖುಷಿಯೇ ಬೇರೆ. ಅಣ್ಣ ತಂಗಿ ಆಡುವಾಗ ಚಿಕ್ಕವರು ಸೋತು ಸೋತು ಬೇಸರ ಮಾಡಿಕೊಂಡರೆ, ಇಬ್ಬರನ್ನೂ ಒಂದೇ ಪಾರ್ಟಿ ಮಾಡಿ ಅಪ್ಪನ ಎದುರು ಕೂರಿಸಿ.

ದಿನಕ್ಕೆ ಹತ್ತೇ ನಿಮಿಷ

ಭಾನುವಾರ ಒಂದು ಗಂಟೆ ಕೂರಿಸೋದಕ್ಕಿಂತ ದಿನಾ ಹತ್ತು ನಿಮಿಷ ಒಳ್ಳೇದು. ನೋಡಿ ಓದಿದ್ದಕ್ಕಿಂತ ನೆನಪು ಮಾಡಿಕೊಂಡು ಹೇಳಿದ್ದು ತಲೆಯಲ್ಲಿ ಹೆಚ್ಚು ದಿನ ಉಳಿಯುತ್ತದೆ. ಹಾಗಂತ ಹಳೇ ಕಾಲದ ಬಾಯಿಪಾಠ ದಂಡ ಅಂತಲ್ಲ. ರಾಗವಾಗಿ ಹೇಳೋದು ಮೊದಲ ಮೆಟ್ಟಿಲು, ನಡುವಿನಿಂದ ಕೇಳಿದಾಗ ಉತ್ತರ ಬರೋದು ಎರಡನೇದು.

ಉತ್ತರ ತಪ್ಪಾದರೆ ‘ಇಷ್ಟೂ ಗೊತ್ತಿಲ್ವಾ’ ಅನ್ನೋ ಮಾತು ಮಾತ್ರ ಬೇಡ. ಏಳೆಂಟ್ಲ ಮರೆತರೆ ‘ಏಳೇಳ್ಲ ಗೊತ್ತಲ್ಲ, 49. ಇನ್ನೊಂದು ಏಳು ಸೇರಿಸು’ ಅಂತ ದಾರಿ ತೋರಿಸಿ. 56ಕ್ಕೆ ಮಗುವೇ ಬಂದು ಮುಟ್ಟುತ್ತದೆ.