ಲಿಂಕ್ ತಪ್ಪಿದರೆ ನೋಟ್ಸ್ ಕಳೆದಂತಲ್ಲ

ನಮ್ಮಲ್ಲಿ ಹಲವರು ಈಗ ಮೊಬೈಲಿನಲ್ಲೇ ನೋಟ್ಸ್ ಮಾಡಿಕೊಳ್ಳುತ್ತೇವೆ. ಒಂದು ಪಾಠದಿಂದ ಇನ್ನೊಂದಕ್ಕೆ ಲಿಂಕ್ ಕೊಡಬಹುದು ಎಂಬುದೇ ಇದರ ದೊಡ್ಡ ಅನುಕೂಲ. ದ್ವಿತೀಯ ಪಿಯುಸಿಯ ಎಲೆಕ್ಟ್ರೋಸ್ಟ್ಯಾಟಿಕ್ಸ್ ಓದುವಾಗ ಪ್ರಥಮ ಪಿಯುಸಿಯ ವೆಕ್ಟರ್ ಬೇಕಾಗುತ್ತದೆ. ಸಿಇಟಿಗಂತೂ ಎರಡೂ ವರ್ಷದ ಪಾಠ ಬೇಕು. ಆದರೆ ಹಳೆಯ ನೋಟ್ಸನ್ನು ಬೇರೆ ಕಡೆಗೆ ಸರಿಸಿದಾಗ ಅಥವಾ ಹೆಸರು ಬದಲಿಸಿದಾಗ ಕೆಲವು ಲಿಂಕ್‌ಗಳು ಕೆಲಸ ಮಾಡುವುದಿಲ್ಲ. ಏಕೆ ಹೀಗಾಗುತ್ತದೆ ಎಂದು ಎರಡು ಪುಟಗಳನ್ನು ಮಾಡಿ ಪರೀಕ್ಷಿಸಿ ನೋಡಿದೆ.

ಕುರುಬರಹಳ್ಳಿಯಿಂದ ಕೆಂಗೇರಿಗೆ ಮನೆ ಬದಲಿಸಿದವರಿಗೆ ಹಳೆಯ ವಿಳಾಸಕ್ಕೆ ಬರೆದ ಪತ್ರ ತಲುಪುವುದಿಲ್ಲ. ಫೋನ್ ಮಾಡಿದರೆ ಮಾತ್ರ ಸಿಗುತ್ತಾರೆ. ವಿಳಾಸ ಮನೆಯದು, ನಂಬರ್ ಮನುಷ್ಯನದು. ಲಿಂಕ್‌ಗಳಲ್ಲೂ ಈ ಎರಡು ಬಗೆ ಇವೆ.

ಅಬ್ಸಿಡಿಯನ್ ಆ್ಯಪ್‌ನ ಲಿಂಕ್ ಫೈಲಿನ ಹೆಸರನ್ನು ನೋಡಿ ಹುಡುಕುತ್ತದೆ. ಆ್ಯಪ್ ಒಳಗೇ ಹೆಸರು ಬದಲಿಸಿದರೆ ಅದು ಲಿಂಕ್‌ಗಳನ್ನೂ ತಿದ್ದಬಲ್ಲದು. ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಬದಲಿಸಿದರೆ ಅದಕ್ಕೆ ಸುದ್ದಿಯೇ ಇರುವುದಿಲ್ಲ. ಆಗ ಲಿಂಕ್ ಒತ್ತಿದರೆ ಹಳೆಯ ಹೆಸರಿನಲ್ಲಿ ಹೊಸ ಖಾಲಿ ಪುಟ ತೆರೆಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಕಂಡವರು ಬರೆದದ್ದೆಲ್ಲ ಅಳಿಸಿಹೋಯಿತು ಎಂದುಕೊಳ್ಳುತ್ತಾರೆ. ನೋಟ್ಸ್ ಅಲ್ಲೇ ಇರುತ್ತದೆ. ಪಾಠದ ಒಂದು ಪದ ಹಾಕಿ ಹುಡುಕಿದರೆ ಸಿಗುತ್ತದೆ.

ನೋಷನ್ ಮತ್ತು ಗೂಗಲ್ ಡಾಕ್ಸ್‌ನಲ್ಲಿ ಪ್ರತಿ ಪುಟಕ್ಕೂ ಒಂದು ಗುರುತಿನ ಸಂಖ್ಯೆ ಇದೆ. ಹೆಸರು, ಫೋಲ್ಡರ್ ಏನೇ ಬದಲಾದರೂ ಸಂಖ್ಯೆ ಬದಲಾಗದು, ಲಿಂಕ್ ನಡೆಯುತ್ತದೆ. ಆದರೆ ಕಾಪಿ ಮಾಡಿದರೆ ಹೊಸ ಸಂಖ್ಯೆ ಬರುತ್ತದೆ. ಸೀನಿಯರ್‌ಗಳ ಗೂಗಲ್ ಡಾಕ್ಸ್ ನೋಟ್ಸನ್ನು ಕಾಪಿ ಮಾಡಿಕೊಂಡವರು ಗಮನಿಸಿ: ಅದರೊಳಗಿನ ಲಿಂಕ್‌ಗಳು ಇನ್ನೂ ಅವರ ಮೂಲ ಫೈಲ್‌ಗಳಿಗೇ ಹೋಗುತ್ತಿರುತ್ತವೆ. ಅವರು ಅಳಿಸಿದ ದಿನ ನಿಮ್ಮ ಲಿಂಕೂ ಹೋಯಿತು.

ಮೂರನೆಯ ದಾರಿಯೊಂದಿದೆ. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂದಿಗೂ ಗುಲ್ಬರ್ಗ ಎಂದು ಹುಡುಕಿದರೆ ಕಲಬುರಗಿ ಪುಟವೇ ತೆರೆಯುತ್ತದೆ. ವಿಕಿಪೀಡಿಯದಲ್ಲಿ ಪುಟದ ಹೆಸರು ಬದಲಿಸಿದಾಗ ಹಳೆಯ ಹೆಸರಿನಲ್ಲಿ ದಾರಿ ತೋರುವ ಪುಟವೊಂದು ಉಳಿಯುತ್ತದೆ. ನಾವೂ ಹಾಗೆ ಮಾಡಬಹುದು: ಹಳೆಯ ಹೆಸರಿನ ಪುಟದಲ್ಲಿ ಹೊಸ ಪುಟದ ಲಿಂಕ್ ಒಂದನ್ನೇ ಬರೆದಿಟ್ಟರೆ ಸಾಕು.

ಇದಕ್ಕಿಂತ ಒಳ್ಳೆಯದು, ಬದಲಿಸಬೇಕಾಗಿ ಬರದ ಹೆಸರನ್ನೇ ಮೊದಲು ಇಡುವುದು. ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಈ ಸಲಹೆ ಕೊಟ್ಟಿದ್ದರು: ‘ಹಳೆಯದು’, ‘ಕರಡು’, ‘ಇತ್ತೀಚಿನದು’ ಮುಂತಾದ ಮಾತುಗಳನ್ನು ವಿಳಾಸದಲ್ಲಿ ಸೇರಿಸಬೇಡಿ, ಅವು ನಾಳೆ ಬದಲಾಗುತ್ತವೆ. ‘ಫಿಸಿಕ್ಸ್ ಫೈನಲ್ ಹೊಸದು’ ಎನ್ನುವ ಬದಲು ‘ಫಿಸಿಕ್ಸ್ ವೆಕ್ಟರ್’ ಎಂದಿಡಿ. ಸರಿಸುವುದಿದ್ದರೆ ಆ್ಯಪ್ ಒಳಗಿಂದಲೇ ಸರಿಸಿ, ಮೊದಲು ಒಂದು ಬ್ಯಾಕಪ್ ತೆಗೆದಿಡಿ, ಆಮೇಲೆ ನಾಲ್ಕು ಲಿಂಕ್ ಒತ್ತಿ ನೋಡಿ. ಈ ಕೆಲಸಕ್ಕೆ ರಜೆಯೇ ಸರಿಯಾದ ಸಮಯ, ಪರೀಕ್ಷೆಯ ವಾರವಲ್ಲ.