ನಿವೃತ್ತಿಯ ನಂತರ ಲಾರಿ ಸ್ಟೇರಿಂಗ್: ಮೊದಲು ದೇಹದ ಪರೀಕ್ಷೆ ಆಗಲಿ

60ನೇ ವಯಸ್ಸಿಗೆ ಬಸ್ಸಿನ ಸ್ಟೇರಿಂಗ್ ಬಿಟ್ಟ ಕೈಗಳಿಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಮಗಳ ಮದುವೆಯೋ ಮನೆಯ ಸಾಲವೋ ಇನ್ನೂ ಬಾಕಿ ಇರುತ್ತದೆ. ಅಷ್ಟರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿ ಬರುತ್ತದೆ, "ಚಾಚಾ, ಒಂದು ಲೋಡ್ ಇದೆ, ಹೋಗ್ತೀರಾ?" ಎಂಬ ಕರೆಯೂ ಬರುತ್ತದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಡಿಪೋಗಳಲ್ಲಿ ದುಡಿದವರಿಗೂ ಸೇನೆಯಲ್ಲಿ ವಾಹನ ಓಡಿಸಿ ಬಂದವರಿಗೂ ಲಾರಿ ಕೈಗೆಟಕುವ ಎರಡನೇ ವೃತ್ತಿ. ಹಲಾಲ್ ದುಡಿಮೆಗೆ ವಯಸ್ಸಿನ ಮಿತಿಯಿಲ್ಲ. ಆದರೆ ಮೂವತ್ತರ ದೇಹ ತಡೆದುಕೊಂಡದ್ದನ್ನು ಅರುವತ್ತರ ದೇಹ ತಡೆದುಕೊಳ್ಳುವುದಿಲ್ಲ.

ಫಾರಂ 1ಎ ಬರೀ ಕಾಗದವಲ್ಲ

2019ರ ತಿದ್ದುಪಡಿಯ ನಂತರ ಸಾರಿಗೆ ವಾಹನದ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ವೈದ್ಯರು ಸಹಿ ಮಾಡಿದ ಫಾರಂ 1ಎ ಕಡ್ಡಾಯ. ಹೊಸದಾಗಿ ಕಲಿಯುವವರಾದರೆ ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ಕೆಂಪು ಹಸಿರು ಗುರುತಾಗುತ್ತದೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ಆ ಫಾರಂ ಕೇಳುತ್ತದೆ. ಪರೀಕ್ಷೆ ಮಾಡಿಸದೆ ಸಹಿ ಮಾತ್ರ ಹಾಕಿಸಿಕೊಂಡು ಬರಬೇಡಿ. ಎದುರು ವಾಹನದ ಬೆಳಕಿಗೆ ಕಣ್ಣು ಕುಕ್ಕಿ ರಸ್ತೆಯೇ ಕಾಣದಂತಾದರೆ ಅದು ಕಣ್ಣಿನ ಪೊರೆಯ ಲಕ್ಷಣವಿರಬಹುದು. ಶಸ್ತ್ರಚಿಕಿತ್ಸೆಯಿಂದ ಅದು ವಾಸಿಯಾಗುತ್ತದೆ. ಬಚ್ಚಿಟ್ಟರೆ ಆಪತ್ತು ನಿಮಗಷ್ಟೇ ಅಲ್ಲ, ಎದುರಿನಿಂದ ಬರುವವನಿಗೂ ಹೌದು.

ಸಕ್ಕರೆ ಇಳಿದಾಗ

ಸಕ್ಕರೆ ಕಾಯಿಲೆ ಇದೆಯೆಂದು ಮಾಲೀಕರಿಗೆ ಗೊತ್ತಾದರೆ ಕೆಲಸ ಹೋದೀತೆಂಬ ಅಂಜಿಕೆ ಅನೇಕರಲ್ಲಿದೆ. ಆದರೆ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಏಕಾಏಕಿ ಇಳಿಯುತ್ತದೆ. ಬೆವರು, ಕೈನಡುಕ, ಮಂಜಾದ ದೃಷ್ಟಿ ಅದರ ಸೂಚನೆಗಳು. ಕೂಡಲೇ ಲಾರಿ ಬದಿಗೆ ನಿಲ್ಲಿಸಿ, ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರು ಕುಡಿಯಿರಿ. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೆ ಕುಡಿಯಿರಿ, ನಂತರ ಏನಾದರೂ ತಿನ್ನಿರಿ. ಪೂರ್ತಿ ಚೇತರಿಸಿಕೊಂಡು ಮುಕ್ಕಾಲು ಗಂಟೆಯಾದರೂ ಕಳೆಯದೆ ಗೇರ್ ಹಾಕಬೇಡಿ. ರಮಝಾನ್‌ನಲ್ಲಿ ರೋಗಿಗೂ ಪ್ರಯಾಣಿಕನಿಗೂ ಅಲ್ಲಾಹನು ವಿನಾಯಿತಿ ಕೊಟ್ಟಿದ್ದಾನೆ. ಉಪವಾಸದ ಬಗ್ಗೆ ವೈದ್ಯರೊಂದಿಗೂ ಆಲಿಮರೊಂದಿಗೂ ತಿಂಗಳು ಆರಂಭವಾಗುವ ಮೊದಲೇ ಮಾತಾಡಿ.

ಮೆಣಸಿನ ಕೈ, ವುಝೂವಿನ ನೀರು

ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ. ಆದರೂ ಚೀಲ ಎಳೆದ ಕೈ ಕಣ್ಣಿಗೆ ತಾಗಿದರೆ ಉರಿ ತಪ್ಪದು. ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಕೈಗೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಸವರಿ, ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ವುಝೂ ಆಮೇಲೆ. ಲೋಡ್ ಮಾಡುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಆಸ್ತಮಾ ಇದ್ದವರು ಲೋಡಿಂಗಿನಿಂದ ದೂರವಿರುವುದೇ ಲೇಸು.

ನಮಾಝಿನ ಹೊತ್ತು, ವಿಶ್ರಾಂತಿಯ ಹೊತ್ತು

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೆ ಮೀರದಂತೆ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿತ್ತು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹಿಡಿದು ಪುಣೆಯ ಕಡೆಗೋ ಬೆಂಗಳೂರಿನ ಕಡೆಗೋ ಹೊರಟವರು ನಮಾಝಿನ ಹೊತ್ತನ್ನೇ ವಿಶ್ರಾಂತಿಯ ಹೊತ್ತನ್ನಾಗಿ ಮಾಡಿಕೊಳ್ಳಬಹುದು. ಇಳಿದು ನಡೆದಾಡಿದರೆ ಕಾಲಿನ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ, ಸೊಂಟಕ್ಕೂ ಆರಾಮ. ಮೂತ್ರ ಬರುತ್ತದೆಂದು ನೀರು ಕುಡಿಯದೆ ಇರಬೇಡಿ. ಪದೇ ಪದೇ ಮೂತ್ರವಾದರೆ ಸಕ್ಕರೆ, ಪ್ರಾಸ್ಟೇಟ್ ಎರಡನ್ನೂ ತೋರಿಸಿ. ನಡುರಾತ್ರಿಯಿಂದ ಫಜ್ರ್‌ವರೆಗಿನ ನಿದ್ದೆಯನ್ನು ಚಹಾದಿಂದ ಗೆಲ್ಲಲಾಗದು. ಜೋರಾಗಿ ಗೊರಕೆ ಹೊಡೆದು, ಹಗಲಲ್ಲಿ ತೂಕಡಿಸುವವರು ಉಸಿರುಕಟ್ಟುವ ನಿದ್ರಾ ಕಾಯಿಲೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಸರಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡ, ಸಕ್ಕರೆಯ ತಪಾಸಣೆಗೆ ದುಡ್ಡು ಬೇಕಿಲ್ಲ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡರೆ ಸಾಕು. ಸಂದೇಹ ಬಂದರೆ ದೂರದ ರಾತ್ರಿ ಲೋಡ್ ಬಿಟ್ಟು, ರಾಣೇಬೆನ್ನೂರು, ಹಾವೇರಿ ನಡುವಿನ ಹಗಲಿನ ಬಾಡಿಗೆ ಸಾಕೆನ್ನಿ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬ ಪ್ರವಾದಿ(ಸ)ರ ಬೋಧನೆ ಲಾರಿಯ ಕ್ಯಾಬಿನ್ನಿಗೂ ಅನ್ವಯಿಸುತ್ತದೆ.

ಮನೆಯವರಿಗೂ ಒಂದು ಮಾತು. ಅಬ್ಬ ಫೋನ್ ಮಾಡಿದಾಗ ಬಾಡಿಗೆ ಎಷ್ಟು ಬಂತೆಂದು ಆಮೇಲೆ ಕೇಳಿ. ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ, ಎಷ್ಟು ಹೊತ್ತು ಮಲಗಿದಿರಿ ಎಂದು ಮೊದಲು ಕೇಳಿ.