ಸಂಕಟದ ಅರ್ಥ ಮತ್ತು ಕ್ರೈಸ್ತ ಶ್ರದ್ಧೆ: ಗುಬ್ಬಿ ಸೀಮೆಯ ಹಿನ್ನೆಲೆಯಲ್ಲಿ

ಮನುಷ್ಯನಿಗೆ ಸಂಕಟವೇಕೆ ಬರುತ್ತದೆ ಎಂಬುದು ಎಲ್ಲ ಧರ್ಮಗಳೂ ಎದುರಿಸಿದ ಪ್ರಶ್ನೆ. ಕ್ರೈಸ್ತ ಶ್ರದ್ಧೆ ಇದಕ್ಕೆ ನೀಡುವ ಉತ್ತರವನ್ನು ಸಾಮಾನ್ಯವಾಗಿ ದೇವಶಾಸ್ತ್ರದ ಗ್ರಂಥಗಳ ಆಧಾರದಿಂದ ವಿವೇಚಿಸಲಾಗುತ್ತದೆ. ಆದರೆ ಯಾವುದೇ ಶ್ರದ್ಧೆಯ ಸತ್ವ ಪರೀಕ್ಷೆಗೆ ಒಳಗಾಗುವುದು ಜನರು ನಿಜವಾಗಿ ನೊಂದ ಕಾಲದಲ್ಲಿ. ಈ ದೃಷ್ಟಿಯಿಂದ ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯ ಹತ್ತೊಂಬತ್ತನೆಯ ಶತಮಾನದ ಅನುಭವ ಪರಿಶೀಲನಾರ್ಹವಾಗಿದೆ.

ವೆಸ್ಲಿಯನ್ ಮಿಷನ್ ಗುಬ್ಬಿಯಲ್ಲಿ ನೆಲೆ ಹೂಡಿದ್ದು 1837ರಲ್ಲಿ, ಥಾಮಸ್ ಹಾಡ್ಸನ್ ಅವರ ಮೂಲಕ. 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಅಲ್ಲಿ ಸೇವೆ ಸಲ್ಲಿಸಿ, ಆರೋಗ್ಯ ಕೆಟ್ಟು ದೃಷ್ಟಿ ಮಂದವಾದ ಕಾರಣ 1841ರಲ್ಲಿ ಸ್ವದೇಶಕ್ಕೆ ಮರಳಿದರು. ಮೈಸೂರು ಸೀಮೆಯ ಮಿಷನ್ ಕಾರ್ಯವನ್ನು ಕುರಿತ ಅವರ ಗ್ರಂಥ 1847ರಲ್ಲಿ ಪ್ರಕಟವಾಯಿತು.

ಈ ಬೋಧಕರು ಬಂದಾಗ ಗುಬ್ಬಿಯ ನೆಲ ಸಂಕಟದ ಚಿಂತನೆಗೆ ಹೊಸದಾಗಿರಲಿಲ್ಲ. ಗುಬ್ಬಿಯ ಮಲ್ಲಣಾರ್ಯನು 1513ರಷ್ಟು ಹಿಂದೆಯೇ ‘ಭಾವಚಿಂತಾರತ್ನ’ದಲ್ಲಿ, ತನ್ನ ಮಗನನ್ನೇ ದಂಡಿಸಿದ ಸತ್ಯೇಂದ್ರಚೋಳನ ಕಥೆಯನ್ನು ಹೇಳಿದ್ದನು. ಅಲ್ಲಿ ನೋವು ಭಕ್ತನ ಸತ್ಯನಿಷ್ಠೆಯ ಒರೆಗಲ್ಲು. ಜನಸಾಮಾನ್ಯರ ನಂಬಿಕೆಯಲ್ಲಿ ಇದರ ಜೊತೆಗೆ ಪೂರ್ವಜನ್ಮದ ಕರ್ಮವೆಂಬ ವಿವರಣೆಯೂ ಇತ್ತು. ಹೀಗೆ ಕ್ರೈಸ್ತ ಬೋಧೆಯನ್ನು ಕೇಳಿದವರ ಮನಸ್ಸಿನಲ್ಲಿ ಸಂಕಟಕ್ಕೆ ಎರಡು ಉತ್ತರಗಳು ಮೊದಲೇ ನೆಲೆಸಿದ್ದವು.

ಬೈಬಲಿನಲ್ಲಿಯೂ ಇಂಥ ಉತ್ತರಗಳಿವೆ. ಆದರೆ ಅವುಗಳನ್ನು ಪ್ರಶ್ನಿಸುವ ಧಾರೆಯೂ ಅಲ್ಲಿದೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಕೇಳುತ್ತಾರೆ. ಯೇಸು ಆ ಲೆಕ್ಕಾಚಾರವನ್ನೇ ನಿರಾಕರಿಸಿ, ಅವನನ್ನು ಗುಣಪಡಿಸುವ ಕೆಲಸಕ್ಕೆ ತೊಡಗುತ್ತಾನೆ. ಕಾರಣದ ವಿಚಾರಣೆಯ ಸ್ಥಾನದಲ್ಲಿ ಕರ್ತವ್ಯ ನಿಲ್ಲುತ್ತದೆ. ಸುರಿಯಾ ಭಾಷೆಯ ಮೂಲದಿಂದ ಕನ್ನಡಕ್ಕೆ ಬಂದ ‘ಶಿಲುಬೆ’ ಎಂಬ ಪದ ಇನ್ನೂ ಮುಂದಿನ ಮಾತನ್ನು ಹೇಳುತ್ತದೆ. ಶಿಲುಬೆಯಲ್ಲಿ ದೇವರು ನೋವನ್ನು ಹೊರಗಿನಿಂದ ವಿವರಿಸುವುದಿಲ್ಲ, ಅದರೊಳಗೆ ಪಾಲುಗೊಳ್ಳುತ್ತಾನೆ. ನೊಂದವನು ಒಂಟಿಯಲ್ಲ ಎಂಬುದೇ ಈ ಶ್ರದ್ಧೆ ನೀಡುವ ಮೊದಲ ಅರ್ಥ.

ಈ ಬೋಧೆಗೆ ಕಠಿಣ ಪರೀಕ್ಷೆ ಎದುರಾದದ್ದು 1876-78ರ ಮಹಾಕ್ಷಾಮದಲ್ಲಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಇಂದು 2023ರಲ್ಲಿ ಉದ್ಘಾಟನೆಗೊಂಡ ಹೆಲಿಕಾಪ್ಟರ್ ಕಾರ್ಖಾನೆಯಿಂದ ಪರಿಚಿತವಾಗಿದೆ. ಆದರೆ ‘ಕಾವಲ್’ ಎಂಬ ಹೆಸರು ದನಕರುಗಳ ಮೇವಿಗೆ ಕಾಯ್ದಿರಿಸಿದ ಹುಲ್ಲುಗಾವಲನ್ನು ನೆನಪಿಸುತ್ತದೆ. ಮಳೆಯನ್ನೇ ನಂಬಿದ ಇಂಥ ಬಯಲುಸೀಮೆಯಲ್ಲಿ ಮಳೆ ತಪ್ಪಿದರೆ ಬೆಳೆ, ದನ, ಮನುಷ್ಯ ಮೂರೂ ಒಟ್ಟಿಗೆ ನಾಶದ ಅಂಚಿಗೆ ಬರುತ್ತಿದ್ದವು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಕುಸಿಯಿತು. ಇಷ್ಟು ದೊಡ್ಡ ಮರಣವನ್ನು ಪಾಪದ ಶಿಕ್ಷೆಯೆನ್ನುವುದು ಸುಲಭ. ಆದರೆ ಹಸಿದು ಸತ್ತ ಮಗುವಿನ ಮುಂದೆ ಆ ಮಾತು ನಿಲ್ಲಲಾರದು.

ಮಿಷನ್ ಕ್ರಿಯೆಯ ಮೂಲಕ ಪ್ರತಿಸ್ಪಂದಿಸಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ತುಮಕೂರು, ಹಾಸನಗಳಲ್ಲಿ ಅನಾಥಾಲಯಗಳು ನಡೆದವು. ಇಲ್ಲಿಯೇ ಒಂದು ಗಂಭೀರ ಪ್ರಶ್ನೆ ಏಳುತ್ತದೆ. ಅನ್ನವಿಟ್ಟ ಕೈಯೇ ಧರ್ಮವನ್ನೂ ನೀಡಿದಾಗ, ಆ ಮಗು ತನ್ನ ನೋವಿನಲ್ಲಿ ಕಂಡ ಅರ್ಥ ಅದರದ್ದೇ, ಅಥವಾ ಸಾಕಿದವರು ಕೊಟ್ಟದ್ದೇ? ಕ್ಷಾಮದ ಕಾಲದ ಮತಾಂತರವನ್ನು ಕುರಿತ ಆಕ್ಷೇಪಗಳ ತಿರುಳು ಇದೇ. ಜೀವ ಉಳಿಸಿದ ಉಪಕಾರ ದೊಡ್ಡದೆಂಬ ಕಾರಣದಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪ್ರಶ್ನೆಯಿದೆಯೆಂಬ ಕಾರಣದಿಂದ ಉಪಕಾರವನ್ನು ಅಲ್ಲಗಳೆಯುವಂತೆಯೂ ಇಲ್ಲ.

ಕ್ಷಾಮ ಭೀಕರವಾಗಿದ್ದ 1877ರಲ್ಲಿಯೇ ಹಾಡ್ಸನ್ ಅವರ ‘ಓಲ್ಡ್ ಡೇನಿಯಲ್’ ಎಂಬ ಕೃತಿ ಪ್ರಕಟವಾದದ್ದು ಗಮನಾರ್ಹ. ಅದು ಗುಬ್ಬಿ ವಲಯದಲ್ಲಿ ಕ್ರೈಸ್ತನಾದ ಒಬ್ಬ ಹಿಂದೂವಿನ ಜೀವನವೃತ್ತಾಂತ, ಜೊತೆಗೆ ಹಳ್ಳಿಯ ಬದುಕಿನ ಚಿತ್ರಣ. ಆ ಕಾಲದ ಹಳ್ಳಿಯಲ್ಲಿ ಮತ ಬದಲಿಸುವುದೆಂದರೆ ಬಂಧುಬಳಗ, ಪಂಕ್ತಿ, ಕೊಡುಕೊಳೆಗಳ ಹಂಗು ಹರಿದುಕೊಳ್ಳುವುದಾಗಿತ್ತು. ವಯಸ್ಕನೊಬ್ಬ ತಿಳಿದೇ ಹೊತ್ತ ಇಂಥ ನೋವಿಗೂ, ಅನಾಥ ಮಗುವಿನ ಮೇಲೆ ಬಂದೆರಗಿದ ನೋವಿಗೂ ಅಂತರವಿದೆ. ಶಿಲುಬೆಯನ್ನು ಹೊರುವುದೆಂಬ ಮಾತು ಮೊದಲನೆಯದಕ್ಕೆ ನೇರವಾಗಿ ಹೊಂದುತ್ತದೆ. ಎರಡನೆಯದಕ್ಕೆ ಅದನ್ನು ಅನ್ವಯಿಸಿದರೆ ಹಸಿವನ್ನೇ ಪುಣ್ಯವೆಂದು ಬಣ್ಣಿಸಿದಂತಾಗುತ್ತದೆ.

ಈ ವಿವೇಕಕ್ಕೆ ಆಧಾರ ಬೈಬಲಿನಲ್ಲಿಯೇ ದೊರೆಯುತ್ತದೆ. ಯೋಬನ ಗ್ರಂಥದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಬಳಿ ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಅವರು ಮೌನವಾಗಿ ಜೊತೆಗೆ ಕೂರುತ್ತಾರೆ. ಅನಂತರ ಬಾಯಿ ತೆರೆದು ಅವನ ನೋವಿಗೆ ಅವನ ಪಾಪವೇ ಕಾರಣವೆಂದು ಸಾಧಿಸತೊಡಗುತ್ತಾರೆ. ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು ದೇವರ ಪರವಾಗಿ ವಾದಿಸಿದ ಈ ಗೆಳೆಯರೇ. ದೇವರೊಡನೆ ಜಗಳವಾಡಿದ ಯೋಬನು ಸರಿಯಾಗಿ ಮಾತನಾಡಿದನೆಂದು ಅಲ್ಲಿ ತೀರ್ಪಾಗುತ್ತದೆ. ಶಿಲುಬೆಯ ಮೇಲೆ ಯೇಸು ಉಚ್ಚರಿಸಿದ ಪ್ರಲಾಪವೂ ಒಂದು ಕೀರ್ತನೆಯ ಮೊದಲ ಮಾತು. ಆದುದರಿಂದ ಗೋಳಾಡುವುದು, ಪ್ರಶ್ನಿಸುವುದು ಅಶ್ರದ್ಧೆಯಲ್ಲ. ಅವು ಶ್ರದ್ಧೆಯ ಒಳಗಿನ ಮಾತುಗಳೇ.

ಹೀಗೆ ನೋಡಿದಾಗ ಸಂಕಟದಲ್ಲಿ ಅರ್ಥವನ್ನು ಕಾಣುವ ಅಧಿಕಾರ ನೊಂದವರಿಗೆ ಸೇರಿದ್ದು. ಜೊತೆಗೆ ಕೂರುವುದು, ಉಣಿಸುವುದು, ನೋವಿನ ಕಾರಣಗಳನ್ನು ನಿವಾರಿಸುವುದು ಮಿಕ್ಕವರ ಪಾಲಿನ ಕೆಲಸ. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿದವು. ಅವು ಬಿಟ್ಟುಹೋದ ವರದಿ, ಪತ್ರ, ದಾಖಲೆಗಳನ್ನು ಓದುವ ಸಂಶೋಧಕರು ಮಿಷನರಿಗಳು ನೀಡಿದ ವಿವರಣೆಯನ್ನೂ ನೊಂದವರು ಆಡಿದ ಮಾತನ್ನೂ ಬೇರ್ಪಡಿಸಿ ನೋಡಬೇಕು. ಮೊದಲನೆಯದು ಪುಟಗಟ್ಟಲೆ ಇರುತ್ತದೆ, ಎರಡನೆಯದು ಒಂದೆರಡು ಸಾಲುಗಳಲ್ಲಿ ಮುಗಿದಿರಬಹುದು. ಬಯಲುಸೀಮೆಯ ಕ್ರೈಸ್ತ ಶ್ರದ್ಧೆಯ ಚರಿತ್ರೆಗೆ ಆ ಒಂದೆರಡು ಸಾಲುಗಳೇ ಮೊದಲ ಆಕರ.